ವಿಶ್ವವಿದ್ಯಾಲಯದ ಅಡಿಯಲ್ಲಿ: ಥೆಸಲೊನೀಕಿಯ ಯಹೂದಿ ಸ್ಮಶಾನ

(ನಗರಗಳ ಚರಿತ್ರೆ ಕುರಿತು ಆಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ. ಸಭಿಕರ ಎರಡು ಪ್ರಶ್ನೆಗಳನ್ನೂ ಅವುಗಳ ಉತ್ತರವನ್ನೂ ಕೊನೆಯಲ್ಲಿ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಗ್ರೀಸ್ ದೇಶದಲ್ಲಿ ಅಥೆನ್ಸ್ ಬಿಟ್ಟರೆ ದೊಡ್ಡ ನಗರ ಥೆಸಲೊನೀಕಿ. ಸಮುದ್ರಕ್ಕೆ ಮುಖಮಾಡಿದ ಬಂದರು ಪಟ್ಟಣ. ಕ್ರಿಸ್ತಪೂರ್ವ 315ರ ಸುಮಾರಿಗೆ ಕಸ್ಸಾಂಡರ್ ಎಂಬ ದೊರೆ ಅದನ್ನು ಕಟ್ಟಿಸಿ ತನ್ನ ಹೆಂಡತಿಯ ಹೆಸರಿಟ್ಟ. ಆಕೆ ಅಲೆಕ್ಸಾಂಡರನ ಮಲತಂಗಿ. ಇಂದು ಆ ಊರಿನ ನಡುವೆ ಅರಿಸ್ಟಾಟಲ್ ವಿಶ್ವವಿದ್ಯಾಲಯವಿದೆ. ಇಡೀ ಗ್ರೀಸಿನಲ್ಲೇ ದೊಡ್ಡ ವಿಶ್ವವಿದ್ಯಾಲಯ ಅದು. ಹತ್ತಾರು ಸಾವಿರ ವಿದ್ಯಾರ್ಥಿಗಳು ಓಡಾಡುವ ಆ ನೆಲದಲ್ಲಿ 1942ರ ಡಿಸೆಂಬರ್‌ವರೆಗೆ ಯುರೋಪಿನ ಅತಿ ದೊಡ್ಡ ಯಹೂದಿ ಸ್ಮಶಾನಗಳಲ್ಲೊಂದು ಇತ್ತು. ವಿಸ್ತೀರ್ಣ ಸುಮಾರು 86 ಎಕರೆ. ಸಮಾಧಿಗಳು ಮೂರು ಲಕ್ಷದಿಂದ ಐದು ಲಕ್ಷದವರೆಗೆ ಇದ್ದಿರಬೇಕೆಂದು ಅಂದಾಜು.

ಈ ಮಾತುಕತೆಯ ಉದ್ದಕ್ಕೂ ಎರಡು ತಾರೀಖುಗಳನ್ನು ನೆನಪಿನಲ್ಲಿಟ್ಟುಕೊಳ್ಳಿ ಎಂದು ಕೋರುತ್ತೇನೆ. 1942ರ ಡಿಸೆಂಬರ್ 6ರಂದು ಆ ಸ್ಮಶಾನಕ್ಕೆ ಗುದ್ದಲಿ ಬಿತ್ತು. 1943ರ ಮಾರ್ಚ್ 15ರಂದು ಥೆಸಲೊನೀಕಿಯ ಯಹೂದಿಗಳನ್ನು ತುಂಬಿಕೊಂಡ ಮೊದಲ ರೈಲು ನಾಜಿಗಳ ಸಾವಿನ ಶಿಬಿರವಾದ ಆಶ್ವಿಟ್ಸ್‌ಗೆ ಹೊರಟಿತು. ನಡುವಿನ ಅವಧಿ 99 ದಿನ. ಅಂದರೆ ಸತ್ತವರನ್ನು ಊರಿನಿಂದ ಮೊದಲು ತೆಗೆದರು, ಬದುಕಿದ್ದವರನ್ನು ಆಮೇಲೆ. ಎರಡನೆಯ ಕೆಲಸದ ಹೊಣೆ ಯಾರದ್ದು ಎಂಬುದು ಲೋಕಕ್ಕೆಲ್ಲ ಗೊತ್ತು. ಮೊದಲನೆಯದರಲ್ಲಿ ಇನ್ನೂ ಕೆಲವರ ಕೈಯಿತ್ತು. ಇವತ್ತು ನಾನು ಮಾತಾಡಲು ಬಂದಿರುವುದು ಮುಖ್ಯವಾಗಿ ಅದರ ಬಗ್ಗೆ.

ಈ ಊರಿನಲ್ಲಿ ಯಹೂದಿಗಳು ಕ್ರಿಸ್ತಶಕದ ಮೊದಲ ಶತಮಾನದಲ್ಲೇ ಇದ್ದರು. ಸಂತ ಪೌಲ ಆ ಯಹೂದಿಗಳ ಸಭಾಮಂದಿರದಲ್ಲಿ ಮಾತಾಡಿದ ಪ್ರಸಂಗ ಬೈಬಲಿನ ಹೊಸ ಒಡಂಬಡಿಕೆಯಲ್ಲಿದೆ. ಆದರೆ ಸ್ಮಶಾನದ ದೊಡ್ಡ ಕಥೆ ಶುರುವಾಗುವುದು 1492ರಲ್ಲಿ. ಸ್ಪೇನಿನ ರಾಜ ರಾಣಿಯರು ಆ ವರ್ಷ, ಮತಾಂತರವಾಗಲು ಒಪ್ಪದ ಯಹೂದಿಗಳೆಲ್ಲ ದೇಶ ಬಿಡಬೇಕೆಂದು ಆಜ್ಞೆ ಹೊರಡಿಸಿದರು. ಹಾಗೆ ಹೊರಬಿದ್ದವರಿಗೆ ಅಟೊಮನ್ ಸುಲ್ತಾನ ಎರಡನೇ ಬಾಯಜೀದ್ ತನ್ನ ರಾಜ್ಯದ ಬಾಗಿಲು ತೆರೆದ. 1430ರಿಂದ ತುರ್ಕರ ಕೈಯಲ್ಲಿದ್ದ ಥೆಸಲೊನೀಕಿ ಆಗ ಜನವಿಲ್ಲದೆ ಸೊರಗಿತ್ತು. ಬಂದವರು ಸಾವಿರಾರು ಮಂದಿ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಊರಿನ ಅರ್ಧಕ್ಕಿಂತ ಹೆಚ್ಚು ಜನ ಅವರೇ ಆಗಿದ್ದರು.

ಬಂದವರು ತಮ್ಮ ಊರುಗಳನ್ನೂ ಹೊತ್ತು ತಂದರು. ಕಾಸ್ಟೀಲಿನವರದ್ದೊಂದು ಪ್ರಾರ್ಥನಾ ಮಂದಿರ, ಅರಗಾನಿನವರದ್ದು ಇನ್ನೊಂದು, ಕ್ಯಾಟಲೋನಿಯಾದವರದ್ದು ಮತ್ತೊಂದು. ಲಿಸ್ಬನ್, ಸಿಸಿಲಿ, ಪುಲ್ಯಾ ಕಡೆಯವರಿಗೂ ಬೇರೆ ಬೇರೆ. ಮನೆಯಲ್ಲಿ ಆಡುತ್ತಿದ್ದುದು ಹದಿನೈದನೇ ಶತಮಾನದ ಸ್ಪ್ಯಾನಿಷ್. ಅದನ್ನು ಲಡಿನೊ ಎನ್ನುತ್ತಾರೆ. ನಾಲ್ಕೂವರೆ ಶತಮಾನ ಅದು ಅವರ ತಾಯ್ನುಡಿಯಾಗಿ ಉಳಿಯಿತು. ಸುಲ್ತಾನನ ಜಾನಿಸರಿ ಸೈನಿಕರ ಉಡುಪಿಗೆ ಬೇಕಾದ ಉಣ್ಣೆ ಬಟ್ಟೆ ನೇಯುವುದು ಅವರ ದೊಡ್ಡ ಕಸುಬಾಗಿತ್ತು. ಮುಂದೆ ಬಂದರಿನ ಹಮಾಲರು, ದೋಣಿಯವರು, ತಂಬಾಕು ಕಾರ್ಮಿಕರು, ಬ್ಯಾಂಕ್ ಮಾಲೀಕರು, ಎಲ್ಲ ಮಟ್ಟದಲ್ಲೂ ಯಹೂದಿಗಳೇ ತುಂಬಿದರು. ಶನಿವಾರ ಸಬ್ಬತ್, ಯಹೂದಿಗಳು ಕೆಲಸ ಮಾಡದ ಪವಿತ್ರ ದಿನ. ಅಂದು ಬಂದರಿಗೆ ರಜೆ. ಇಡೀ ಮೆಡಿಟರೇನಿಯನ್ ತೀರದಲ್ಲಿ ಇಂಥ ಇನ್ನೊಂದು ದೊಡ್ಡ ಬಂದರು ಇರಲಿಲ್ಲ.

ಇಷ್ಟು ಜನ, ಇಷ್ಟು ಶತಮಾನ. ಊರಿನ ಪೂರ್ವದ ಕೋಟೆಗೋಡೆಯ ಹೊರಗಿನ ಬಯಲು ಅವರ ಸಮಾಧಿಗಳಿಂದ ತುಂಬುತ್ತ ಹೋಯಿತು. ಸೆಫಾರ್ದಿ, ಅಂದರೆ ಸ್ಪೇನ್ ಪೋರ್ಚುಗಲ್ ಮೂಲದ, ಯಹೂದಿಗಳ ಪದ್ಧತಿಯಂತೆ ಅಲ್ಲಿ ಗೋರಿಕಲ್ಲನ್ನು ಹೆಚ್ಚಾಗಿ ಮಲಗಿಸಿ ಇಡುತ್ತಿದ್ದರು. ದೊಡ್ಡ ಅಮೃತಶಿಲೆಯ ಚಪ್ಪಡಿ, ಅದರ ಮೇಲೆ ಹೀಬ್ರೂ ಅಕ್ಷರ. ಆ ಚಪ್ಪಡಿಗಳಲ್ಲಿ ಕೆಲವು ಬಹಳ ಹಳೆಯವು. ರೋಮನ್ ಕಾಲದ ಕಟ್ಟಡಗಳಿಂದ, ಸಮಾಧಿಗಳಿಂದ ಬಂದ ಕಲ್ಲಿಗೇ ಹೊಸದಾಗಿ ಹೀಬ್ರೂ ಬರಹ ಕೆತ್ತುತ್ತಿದ್ದರು. ಹೀಗಾಗಿ ಒಂದೇ ಕಲ್ಲಿನ ಒಂದು ಮುಖದಲ್ಲಿ ಗ್ರೀಕ್ ಶಾಸನವೋ ಉಬ್ಬುಶಿಲ್ಪವೋ, ಇನ್ನೊಂದು ಮುಖದಲ್ಲಿ ಹದಿನಾರನೇ ಶತಮಾನದ ಯಾವುದೋ ರಬ್ಬಿಯ, ಅಂದರೆ ಯಹೂದಿ ಧರ್ಮಗುರುವಿನ, ಹೆಸರು. ಆ ಬಯಲೂ ಯಹೂದಿಗಳಿಗಿಂತ ಮೊದಲು ಪ್ರಾಚೀನ ನಗರದ ಸ್ಮಶಾನವೇ ಆಗಿತ್ತು.

ಅಲ್ಲಿ ಮಲಗಿದ್ದವರಲ್ಲಿ ಒಬ್ಬರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅಮಾಟಸ್ ಲುಸಿಟಾನಸ್ ಎಂದು ಪ್ರಸಿದ್ಧನಾದ ವೈದ್ಯ. 1511ರಲ್ಲಿ ಪೋರ್ಚುಗಲ್ಲಿನ ಕಾಸ್ಟೆಲೊ ಬ್ರಾಂಕೊದಲ್ಲಿ ಹುಟ್ಟಿ, ಸಲಮಾಂಕಾದಲ್ಲಿ ಓದಿದ. ಹೊರಗೆ ಕ್ರೈಸ್ತನೆಂದು ತೋರಿಸಿಕೊಂಡು ಒಳಗೆ ಯಹೂದಿಯಾಗಿ ಬದುಕಬೇಕಾದ ಕಾಲ ಅದು. ಆಂಟ್ವರ್ಪ್‌ಗೆ ಹೋದ, ಇಟಲಿಯ ಫೆರಾರಾದಲ್ಲಿ ಅಂಗರಚನೆ ಪಾಠ ಮಾಡಿದ. ಅಝೈಗೋಸ್ ಎಂಬ ಅಭಿಧಮನಿಯಲ್ಲಿ ಕವಾಟವಿರುವುದನ್ನು 1547ರಲ್ಲಿ ಹೆಣಗಳ ಛೇದನದಿಂದ ತೋರಿಸಿದ. ರಕ್ತಪರಿಚಲನೆಯನ್ನು ಅರಿಯುವ ದೀರ್ಘ ಹಾದಿಯಲ್ಲಿ ಇದೊಂದು ಮೊದಲ ಹೆಜ್ಜೆ. ಪೋಪ್ ಮೂರನೇ ಜೂಲಿಯಸ್‌ಗೂ ಚಿಕಿತ್ಸೆ ಮಾಡಿದ. ಆದರೆ ಹೊಸ ಪೋಪ್ ಬಂದೊಡನೆ ಅಂಕೋನಾ ಊರಿನಲ್ಲಿ ಇವನಂಥವರ ಬೇಟೆ ಶುರುವಾಯಿತು. ಮನೆ, ಪುಸ್ತಕ ಎಲ್ಲ ಬಿಟ್ಟು ಓಡಿದ. ಕೊನೆಗೆ ನೆಲೆ ಸಿಕ್ಕಿದ್ದು ಥೆಸಲೊನೀಕಿಯಲ್ಲಿ. ಅಲ್ಲಿ ಮೊದಲ ಬಾರಿಗೆ ಬಹಿರಂಗವಾಗಿ ಯಹೂದಿಯಾಗಿ ಬದುಕಿದ. ತಾನು ನೋಡಿದ ರೋಗಿಗಳಲ್ಲಿ 700 ಮಂದಿಯ ವಿವರವನ್ನು ನೂರು ನೂರರಂತೆ ಏಳು ಸಂಪುಟಗಳಲ್ಲಿ ಬರೆದಿಟ್ಟ. 1568ರಲ್ಲಿ ಊರಿಗೆ ಪ್ಲೇಗ್ ಬಂತು. ರೋಗಿಗಳನ್ನು ನೋಡುತ್ತಿದ್ದಾಗಲೇ ತನಗೂ ತಗುಲಿ ತೀರಿಕೊಂಡ. ಗೆಳೆಯನಾಗಿದ್ದ ಕವಿ ಡಿಯೊಗೊ ಪೈರೆಸ್ ಲ್ಯಾಟಿನ್ನಿನಲ್ಲಿ ಬರೆದ ಸಮಾಧಿಪದ್ಯ ಉಳಿದಿದೆ. ಸಮಾಧಿ ಉಳಿದಿಲ್ಲ.

ಇನ್ನು ಸ್ಮಶಾನ ಊರಿನ ನಡುವೆ ಹೇಗೆ ಬಂತೆಂಬುದನ್ನು ನೋಡೋಣ. ಮುಂದೆ ನಡೆದದ್ದಕ್ಕೆ ಇದೇ ಬೇರು.

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ತುರ್ಕಿ ಆಡಳಿತ ಪೂರ್ವದ ಕೋಟೆಗೋಡೆಯ ಒಂದು ಭಾಗವನ್ನು ಕೆಡವಿ ಅಗಲವಾದ ರಸ್ತೆ ಮಾಡಿತು. ಸಮುದ್ರದ ಅಂಚಿನಲ್ಲಿ ಪೂರ್ವಕ್ಕೆ ಶ್ರೀಮಂತರ ಬಂಗಲೆಗಳು ಎದ್ದವು, ಟ್ರಾಮ್ ಬಂತು. ಊರಿನ ಹೊರಗಿದ್ದ ಸ್ಮಶಾನ ಹಳೆಯ ಊರಿಗೂ ಹೊಸ ಬಡಾವಣೆಗೂ ನಡುವೆ ಸಿಕ್ಕಿಕೊಂಡಿತು. 1912ರ ಅಕ್ಟೋಬರಿನಲ್ಲಿ ಗ್ರೀಕ್ ಸೈನ್ಯ ಊರನ್ನು ವಶಪಡಿಸಿಕೊಂಡಿತು. ಮರುವರ್ಷದ ಜನಗಣತಿ ಹೇಳುವಂತೆ ಒಟ್ಟು 1,57,889 ಜನರಲ್ಲಿ ಯಹೂದಿಗಳು 61,439, ಮುಸ್ಲಿಮರು 45,867, ಗ್ರೀಕರು 39,956. ಹೊಸ ರಾಷ್ಟ್ರ ತನ್ನದೆಂದು ಗೆದ್ದುಕೊಂಡ ಊರಿನಲ್ಲಿ ಆ ರಾಷ್ಟ್ರದ ಜನವೇ ಮೂರನೇ ಸ್ಥಾನದಲ್ಲಿದ್ದರು. ಊರಿಗೆ ಗ್ರೀಕ್ ಮುಖ ಕೊಡಬೇಕೆಂಬ ಆತುರ ಅಲ್ಲಿಂದ ಶುರುವಾಯಿತು.

1917ರ ಆಗಸ್ಟಿನಲ್ಲಿ ಬೆಂಕಿ ಬಿತ್ತು. ಊರಿನ ಮೂರನೇ ಒಂದು ಭಾಗ ಸುಟ್ಟಿತು, ಸುಮಾರು 9,500 ಮನೆ ಹೋದವು, 70,000ಕ್ಕೂ ಹೆಚ್ಚು ಜನ ಬೀದಿಗೆ ಬಿದ್ದರು. ಅವರಲ್ಲಿ ಹೆಚ್ಚಿನವರು ಯಹೂದಿಗಳು. ಸುಟ್ಟ ಜಾಗದಲ್ಲಿ ಹಳೆಯ ಮಾಲೀಕರಿಗೆ ಮನೆ ಕಟ್ಟಿಕೊಳ್ಳಲು ಸರ್ಕಾರ ಬಿಡಲಿಲ್ಲ. ಭೂಮಿಯನ್ನೆಲ್ಲ ವಶಕ್ಕೆ ತೆಗೆದುಕೊಂಡು ಫ್ರೆಂಚ್ ವಾಸ್ತುಶಿಲ್ಪಿ ಅರ್ನೆಸ್ಟ್ ಎಬ್ರಾರ್ ನೇತೃತ್ವದಲ್ಲಿ ಹೊಸ ನಕ್ಷೆ ಬರೆಸಿತು. ನಕ್ಷೆ ಸುಂದರವಾಗಿಯೇ ಇತ್ತು. ಅದರಲ್ಲಿ ಪೂರ್ವದ ಆ ಬಯಲು ಹಸಿರು ವಲಯವಾಗಿಯೂ ವಿಶ್ವವಿದ್ಯಾಲಯವಾಗಿಯೂ ಕಾಣಿಸಿಕೊಂಡಿತು. ಆಗಿನ್ನೂ ಅಲ್ಲಿಗೆ ಹೆಣ ಹೊತ್ತು ತರುತ್ತಿದ್ದರು.

ಗ್ರೀಸ್ ಮತ್ತು ತುರ್ಕಿ ಜನರನ್ನು ಅದಲುಬದಲು ಮಾಡಿಕೊಳ್ಳಲು ಒಪ್ಪಿದ 1923ರ ಲೊಸಾನ್ ಒಪ್ಪಂದದಂತೆ ಮುಸ್ಲಿಮರು ತುರ್ಕಿಗೆ ಹೋದರು, ಅನಟೋಲಿಯಾದಿಂದ ಗ್ರೀಕ್ ನಿರಾಶ್ರಿತರು ದಂಡುದಂಡಾಗಿ ಬಂದರು. ಊರು ಉಸಿರುಕಟ್ಟುವಷ್ಟು ತುಂಬಿತು. 1924ರಲ್ಲಿ ಭಾನುವಾರದ ರಜೆ ಕಡ್ಡಾಯವಾಯಿತು. ಶನಿವಾರ ಮುಚ್ಚುತ್ತಿದ್ದ ಯಹೂದಿ ಅಂಗಡಿಯವನು ಇನ್ನು ವಾರಕ್ಕೆ ಎರಡು ದಿನದ ವ್ಯಾಪಾರ ಬಿಡಬೇಕು, ಇಲ್ಲವೇ ಸಬ್ಬತ್ ಬಿಡಬೇಕು. 1926ರಲ್ಲಿ ವಿಶ್ವವಿದ್ಯಾಲಯ ಪಾಠ ಆರಂಭಿಸಿತು. ಮರುವರ್ಷ ಸ್ಮಶಾನದ ಅಂಚಿನಲ್ಲಿದ್ದ ತುರ್ಕರ ಕಾಲದ ಶಾಲಾ ಕಟ್ಟಡಕ್ಕೆ ಬಂದು ಸೇರಿತು. ಅಲ್ಲಿಂದ ಮುಂದೆ ಪತ್ರಿಕೆಗಳಲ್ಲಿ, ಪುರಸಭೆಯಲ್ಲಿ ಒಂದೇ ಮಾತು: ಊರಿನ ನಡುವೆ ಈ ಸ್ಮಶಾನ ಯಾಕೆ?

ಯಹೂದಿ ಧರ್ಮಶಾಸ್ತ್ರದಲ್ಲಿ ಸಮಾಧಿ ಶಾಶ್ವತ. ಒಮ್ಮೆ ಮಣ್ಣು ಮಾಡಿದವರನ್ನು ಕದಲಿಸುವುದು ದೊಡ್ಡ ದೋಷ. ಹಾಗಿದ್ದೂ ಯಹೂದಿ ಸಮುದಾಯ ಮಾತುಕತೆಗೆ ಕೂತಿತು. 1937ರಲ್ಲಿ ಕಾನೂನಿನ ರೂಪದಲ್ಲೇ ಒಪ್ಪಂದವಾಯಿತು. ಸ್ಮಶಾನದ ಒಂದು ಭಾಗವನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಡುವುದು, ಉಳಿದದ್ದು ಇದ್ದಲ್ಲೇ ಇರುವುದು, ಹೊಸ ಶವಸಂಸ್ಕಾರಕ್ಕೆ ಬೇರೆ ಜಾಗ ಗೊತ್ತುಮಾಡುವುದು. ಈ ಒಪ್ಪಂದವನ್ನು ಮರೆಯಬೇಡಿ. ಪ್ರಶ್ನೋತ್ತರದಲ್ಲಿ ಇದಕ್ಕೆ ಮತ್ತೆ ಬರುತ್ತೇನೆ.

1941ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ಊರಿಗೆ ಬಂತು. 1942ರ ಜುಲೈ 11, ಶನಿವಾರ. 18ರಿಂದ 45 ವಯಸ್ಸಿನ ಯಹೂದಿ ಗಂಡಸರು ಎಲೆಫ್ತೆರಿಯಾಸ್ ಚೌಕದಲ್ಲಿ ಹಾಜರಾಗಬೇಕೆಂದು ಆಜ್ಞೆಯಾಯಿತು. ಸುಮಾರು 9,000 ಮಂದಿ ಬಂದರು. ಸುಡು ಬಿಸಿಲಿನಲ್ಲಿ ತಲೆಗೆ ಟೋಪಿಯಿಲ್ಲದೆ ಗಂಟೆಗಟ್ಟಲೆ ನಿಲ್ಲಿಸಿದರು, ಹೊಡೆದರು, ಬಸ್ಕಿ ಹೊಡೆಸಿದರು, ನೆಲದ ಮೇಲೆ ಉರುಳಿಸಿದರು. ಆಮೇಲೆ ರಸ್ತೆ ಕೆಲಸಕ್ಕೆ, ಗಣಿ ಕೆಲಸಕ್ಕೆ ಅಟ್ಟಿದರು. ಮಲೇರಿಯಾದಿಂದ, ಹಸಿವಿನಿಂದ ಜನ ಸಾಯತೊಡಗಿದಾಗ ಯಹೂದಿ ಸಮುದಾಯ ಹಣ ಕೊಟ್ಟು ಬಿಡಿಸಿಕೊಳ್ಳಲು ಮುಂದಾಯಿತು. ಜರ್ಮನ್ ಸೇನಾಡಳಿತದ ಅಧಿಕಾರಿ ಮ್ಯಾಕ್ಸ್ ಮೆರ್ಟನ್ ಕೋಟಿಗಟ್ಟಲೆ ದ್ರಾಕ್ಮಾ ಕೇಳಿದ. ಆ ಚೌಕಾಶಿಯ ನಡುವೆ ಸ್ಮಶಾನದ ಮಾತೂ ಬಂತು.

ಇಲ್ಲಿ ಎಚ್ಚರದಿಂದ ಮಾತಾಡಬೇಕು. ಸ್ಮಶಾನವನ್ನು ಕೆಡವುವ ಬೇಡಿಕೆ ಬರ್ಲಿನ್ನಿನಿಂದ ಬಂದದ್ದಲ್ಲ. ಅದು ಊರಿನವರ ಹಳೆಯ ಬೇಡಿಕೆ. ಆಕ್ರಮಣದ ಕಾಲದಲ್ಲಿ ಅದನ್ನು ಈಡೇರಿಸಿಕೊಳ್ಳುವ ದಾರಿ ತೆರೆಯಿತು. ಮೆರ್ಟನ್ ಅನುಮತಿ ಕೊಟ್ಟ. ಮ್ಯಾಸಿಡೋನಿಯಾ ಪ್ರಾಂತ್ಯದ ಗ್ರೀಕ್ ಗವರ್ನರ್ ಜನರಲ್ ವಾಸಿಲಿಸ್ ಸಿಮೊನಿದಿಸ್ ಆಜ್ಞೆ ಮಾಡಿದ. ಊರಾಚೆ ಹೊಸ ಜಾಗ ತೋರಿಸಿ, ಅಲ್ಲಿಗೆ ಸಾಗಿಸಿಕೊಳ್ಳಿ ಎಂದರು. ಲಕ್ಷಗಟ್ಟಲೆ ಸಮಾಧಿಗಳನ್ನು ಚಳಿಗಾಲದಲ್ಲಿ, ಅರೆಹೊಟ್ಟೆಯ ಜನ, ಕೆಲವೇ ವಾರದಲ್ಲಿ ಸಾಗಿಸುವುದು ಹೇಗೆ? ಗಡುವು ಕೇಳಿದರೂ ಸಿಗಲಿಲ್ಲ. ಡಿಸೆಂಬರ್ 6ರಂದು ಪುರಸಭೆ ಕೂಲಿಗೆ ತೊಡಗಿಸಿದ 500 ಕೆಲಸಗಾರರು ಒಳಗೆ ನುಗ್ಗಿದರು.

ತಮ್ಮವರ ಸಮಾಧಿ ಎಲ್ಲಿದೆಯೆಂದು ಗೊತ್ತಿದ್ದವರು ಓಡಿಬಂದರು. ಅಪ್ಪ ಅಮ್ಮನ, ಸತ್ತ ಮಕ್ಕಳ ಮೂಳೆಗಳನ್ನು ಸಿಕ್ಕಷ್ಟು ಆಯ್ದು ಚೀಲಗಳಲ್ಲಿ ಕಟ್ಟಿಕೊಂಡು ಹೊಸ ಜಾಗಕ್ಕೆ ಒಯ್ದರು. ಹಾಗೆ ಒಯ್ಯಲಾದದ್ದು ಇತ್ತೀಚಿನ ಸಮಾಧಿಗಳಲ್ಲಿ ಕೆಲವನ್ನು ಮಾತ್ರ. ನಾನೂರು ವರ್ಷ ಹಿಂದಿನವರಿಗೆ ಬಂದು ಆಯುವವರು ಯಾರೂ ಇರಲಿಲ್ಲ. ಕೆಲವೇ ವಾರಗಳಲ್ಲಿ 86 ಎಕರೆ ಬಯಲು ಒಡೆದ ಕಲ್ಲು, ಇಟ್ಟಿಗೆ, ಮೂಳೆಗಳ ರಾಶಿಯಾಯಿತು.

ಇಟ್ಟಿಗೆಯೂ ಅಮೃತಶಿಲೆಯೂ ಯುದ್ಧಕಾಲದಲ್ಲಿ ದುಬಾರಿ ಸರಕು. ರಾಶಿ ಹಾಕಿ ಮಾರಿದರು. ಜರ್ಮನ್ನರು ತಮ್ಮ ಸೈನಿಕರಿಗೆ ಈಜುಕೊಳ ಕಟ್ಟಲು ಬಳಸಿದರು. ರಸ್ತೆಬದಿಯ ಕಾಲುದಾರಿಗೆ ಹಾಸಿದರು, ಮನೆಗಳ ಅಂಗಳಕ್ಕೆ, ಶಾಲೆಗಳಿಗೆ, ಚರ್ಚುಗಳಿಗೆ ಹಾಕಿದರು. 1917ರ ಬೆಂಕಿಯಲ್ಲಿ ಸುಟ್ಟು, ಆಗ ಮರುನಿರ್ಮಾಣವಾಗುತ್ತಿದ್ದ ಊರದೇವರು ಸಂತ ದಿಮಿತ್ರಿಯೊಸನ ಚರ್ಚಿಗೂ ಈ ಕಲ್ಲು ಹೋಯಿತು. ಯುದ್ಧ ಮುಗಿದ ಮೇಲೂ ಸಾಗಣೆ ನಿಲ್ಲಲಿಲ್ಲ.

ನಮ್ಮ ಕಡೆ ಊರೂರಿಗೆ ಹೋದರೆ ವೀರಗಲ್ಲು ಬಚ್ಚಲಿಗೆ ಹಾಸಿರುತ್ತದೆ, ಶಾಸನದ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿರುತ್ತದೆ. ಅದನ್ನು ಕಂಡು ಸಂಕಟಪಡದ ಶಾಸನಾಭ್ಯಾಸಿ ಇಲ್ಲ. ಆದರೆ ಅಲ್ಲಿ ಕಲ್ಲಿನವರ ಕುಲ ಕಳೆದು ಎಷ್ಟೋ ಶತಮಾನವಾಗಿರುತ್ತದೆ, ಅಕ್ಷರ ಓದುವವರೂ ಊರಲ್ಲಿ ಇರುವುದಿಲ್ಲ. ಥೆಸಲೊನೀಕಿಯಲ್ಲಿ ಕಲ್ಲಿನ ಮೇಲಿದ್ದ ಹೆಸರಿನವರು ಅದೇ ಬೀದಿಯಲ್ಲಿ ವಾಸವಾಗಿದ್ದರು. ಅಕ್ಷರ ಓದಬಲ್ಲವರು ಕಲ್ಲು ಸಾಗುವುದನ್ನು ನಿಂತು ನೋಡುತ್ತಿದ್ದರು. ಸತ್ತ ಯಹೂದಿಗಳ ಮೇಲೆ ಹೀಗೆ ಮಾಡಬಹುದು, ಊರಿನಲ್ಲಿ ಯಾರೂ ತಡೆಯುವುದಿಲ್ಲ ಎಂಬುದು ಆ ಚಳಿಗಾಲದಲ್ಲಿ ಎಲ್ಲರಿಗೂ ಖಚಿತವಾಯಿತು. ಅದನ್ನು ನೋಡಿ ಜರ್ಮನ್ ಅಧಿಕಾರಿಗಳು ಧೈರ್ಯ ತಂದುಕೊಂಡರು ಎಂದು ನಾನು ಹೇಳಲಾರೆ. ಅವರಿಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಆದರೆ ಮಾರ್ಚಿನಲ್ಲಿ ರೈಲು ಹೊರಟಾಗ ಬದುಕಿದ್ದವರ ಮನೆ, ಅಂಗಡಿ, ಯಂತ್ರಗಳನ್ನು ಹಂಚಿಕೊಳ್ಳಲು ಮುಂದೆ ಬಂದ ಕೈಗಳಿಗೆ ಡಿಸೆಂಬರಿನಲ್ಲೇ ಅಭ್ಯಾಸವಾಗಿತ್ತು ಎಂದು ಖಂಡಿತ ಹೇಳುತ್ತೇನೆ.

ಮಾರ್ಚಿನಿಂದ ಆಗಸ್ಟ್‌ವರೆಗೆ, ರೈಲು ನಿಲ್ದಾಣದ ಪಕ್ಕದ ಬ್ಯಾರನ್ ಹಿರ್ಷ್ ಬಡಾವಣೆಗೆ ಬೇಲಿ ಹಾಕಿ, ಅಲ್ಲಿಂದ ಒಂದಾದ ಮೇಲೊಂದು ರೈಲಿನಲ್ಲಿ 46,000ಕ್ಕೂ ಹೆಚ್ಚು ಜನರನ್ನು ಸಾಗಿಸಿದರು. ಹೆಚ್ಚಿನವರನ್ನು ಆಶ್ವಿಟ್ಸ್ ಬಿರ್ಕೆನೌ ತಲುಪಿದ ದಿನವೇ ಅನಿಲ ಕೋಣೆಗೆ ತಳ್ಳಿದರು. ಸುಮಾರು 50,000 ಇದ್ದ ಸಮುದಾಯದಲ್ಲಿ ಯುದ್ಧದ ಕೊನೆಗೆ ಊರಿನಲ್ಲಿ ಉಳಿದವರು, ಮರಳಿ ಬಂದವರು ಎಲ್ಲ ಸೇರಿ ಎರಡು ಸಾವಿರವೂ ಆಗಲಿಲ್ಲ. ಮೆರ್ಟನ್ 1957ರಲ್ಲಿ ಗ್ರೀಸಿಗೆ ಬಂದಾಗ ಸೆರೆಸಿಕ್ಕ. 1959ರಲ್ಲಿ 25 ವರ್ಷದ ಶಿಕ್ಷೆಯಾಯಿತು. ಅದೇ ವರ್ಷ ಬಿಡುಗಡೆಯಾಗಿ ಪಶ್ಚಿಮ ಜರ್ಮನಿಗೆ ಹಿಂತಿರುಗಿದ.

ಯುದ್ಧದ ನಂತರ ವಿಶ್ವವಿದ್ಯಾಲಯ ಆ ನೆಲದ ಮೇಲೆ ಹರಡಿಕೊಂಡಿತು. ವಿಭಾಗಗಳು, ಗ್ರಂಥಾಲಯ, ಪ್ರಯೋಗಾಲಯ, ಹುಲ್ಲುಹಾಸು. ದಶಕಗಟ್ಟಲೆ ಅಲ್ಲಿ ಒಂದು ಫಲಕವೂ ಇರಲಿಲ್ಲ. ಹತ್ತಾರು ವರ್ಷ ಸಾವಿರಾರು ಪದವೀಧರರು ತಾವು ಯಾವ ನೆಲದ ಮೇಲೆ ಓದಿದೆವೆಂದು ತಿಳಿಯದೆ ಹೊರಬಂದರು. ಚರಿತ್ರೆಯ ವಿಭಾಗವಿದ್ದ ವಿಶ್ವವಿದ್ಯಾಲಯ ಅದು. ನನಗೆ ಎಲ್ಲಕ್ಕಿಂತ ನೋವಾಗುವುದು ಇಲ್ಲೇ.

ಸ್ಮಾರಕ ಎದ್ದದ್ದು 2014ರ ನವೆಂಬರ್ 9ರಂದು. ಆಗ ಯಾನಿಸ್ ಬೂತಾರಿಸ್ ಮೇಯರ್. ಅದೇ ವರ್ಷ ಎರಡನೇ ಬಾರಿಗೆ ಅಧಿಕಾರ ವಹಿಸಿಕೊಳ್ಳುವಾಗ, ನವ ನಾಜಿ ಪಕ್ಷದ ಸದಸ್ಯರು ನಗರಸಭೆಗೆ ಬಂದದ್ದನ್ನು ಪ್ರತಿಭಟಿಸಿ ಅವರು ಎದೆಗೆ, ನಾಜಿಗಳು ಯಹೂದಿಗಳಿಗೆ ಕಡ್ಡಾಯ ಮಾಡಿದ್ದ ಹಳದಿ ನಕ್ಷತ್ರ ಧರಿಸಿದ್ದರು. ಇಷ್ಟು ಕಾಲ ಸುಮ್ಮನಿದ್ದುದಕ್ಕೆ ನಗರಕ್ಕೆ ನಾಚಿಕೆಯಾಗಬೇಕೆಂದು ಸ್ಮಾರಕದ ದಿನ ಬಹಿರಂಗವಾಗಿ ಒಪ್ಪಿಕೊಂಡರು. ಸ್ಮಾರಕವನ್ನು ಆಮೇಲೆ ಒಂದಕ್ಕಿಂತ ಹೆಚ್ಚು ಸಲ ಹಾಳುಗೆಡವಿದ್ದೂ ಉಂಟು. ದುರಸ್ತಿ ಮಾಡಿದ್ದಾರೆ.

ಇನ್ನು ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದ್ದು: “ಊರು ಬೆಳೆಯಬೇಕಲ್ಲ ಸ್ವಾಮಿ? ಬೆಂಗಳೂರಲ್ಲೂ ಕೆರೆ, ಸ್ಮಶಾನ ಎಲ್ಲ ಬಡಾವಣೆಯಾಗಿವೆ. ವಿಶ್ವವಿದ್ಯಾಲಯ ಒಳ್ಳೆಯ ಕೆಲಸವೇ. ಸತ್ತವರಿಗೋಸ್ಕರ ಅದನ್ನು ತಡೆಯಬೇಕಿತ್ತೇ?”

ಈ ಪ್ರಶ್ನೆಗೆ ಉತ್ತರವಾಗಿಯೇ 1937ರ ಒಪ್ಪಂದವನ್ನು ನೆನಪಿಡಿ ಎಂದೆ. ವಿಶ್ವವಿದ್ಯಾಲಯಕ್ಕೆ ಜಾಗ ಬೇಕಿತ್ತು, ಯಹೂದಿಗಳು ಕೊಟ್ಟರು. ಧರ್ಮಶಾಸ್ತ್ರಕ್ಕೆ ವಿರುದ್ಧವಾದರೂ ಕೊಟ್ಟರು. ಉಳಿದದ್ದನ್ನು ಉಳಿಸುತ್ತೇವೆಂದು ರಾಜ್ಯ ಕಾನೂನು ಮಾಡಿ ಮಾತು ಕೊಟ್ಟಿತ್ತು. ಐದು ವರ್ಷವಾದ ಮೇಲೆ, ಮಾತು ಪಡೆದ ಯಹೂದಿಗಳು ಏನೂ ಮಾಡಲಾಗದೆ ನಿಂತ ಹೊತ್ತಿನಲ್ಲಿ, ಆ ಮಾತನ್ನು ಮುರಿದರು. ಊರಿನ ಬೆಳವಣಿಗೆಗೂ ಸಮಾಧಿಗಳಿಗೂ ನಡುವೆ ಒಂದನ್ನೇ ಆರಿಸಬೇಕಾದ ಸ್ಥಿತಿ ಅಲ್ಲಿರಲಿಲ್ಲ. ಎರಡಕ್ಕೂ ಜಾಗವಿದ್ದ ನಕ್ಷೆಗೆ ಇಬ್ಬರೂ ಸಹಿ ಹಾಕಿದ್ದರು. ಇನ್ನೊಂದು: ಜಾಗ ಬೇಕಿದ್ದರೆ ಜಾಗ ತೆಗೆದುಕೊಳ್ಳಬಹುದಿತ್ತು. ಕಲ್ಲುಗಳನ್ನು ಒಂದೆಡೆ ಜೋಡಿಸಿಡಬಹುದಿತ್ತು, ಬರಹ ನಕಲು ಮಾಡಿಕೊಳ್ಳಲು ಒಂದು ವರ್ಷ ಕೊಡಬಹುದಿತ್ತು. ಹಾಗೆ ಮಾಡದೆ ಮಾರಿದರು.

ವಿದ್ಯಾರ್ಥಿನಿಯೊಬ್ಬಳು ಕೇಳಿದ್ದು: “ಆ ಕಲ್ಲುಗಳು ಈಗಲೂ ಸಿಗುತ್ತವೆಯೇ ಸರ್? ಸಿಕ್ಕರೆ ಯಾರದ್ದೆಂದು ಗೊತ್ತಾಗುತ್ತದೆಯೇ?”

ಸಿಗುತ್ತವಮ್ಮ. ಹಳೆಯ ಗೋಡೆ ಕೆಡವಿದಾಗ, ಅಂಗಳ ಅಗೆದಾಗ ಹೀಬ್ರೂ ಅಕ್ಷರದ ತುಂಡುಗಳು ಏಳುತ್ತವೆ. 2012ರ ಡಿಸೆಂಬರಿನಲ್ಲಿ ಊರಿನ ಒಂದೇ ನಿವೇಶನದಲ್ಲಿ ಹೂತಿದ್ದ 668 ತುಂಡುಗಳನ್ನು ಪೊಲೀಸರು ಹೊರತೆಗೆದರು. ಇಂಥವನ್ನು ಯಹೂದಿ ಸಮುದಾಯಕ್ಕೆ ಒಪ್ಪಿಸುತ್ತಾರೆ. ಸ್ಟಾವ್ರೂಪೊಲಿಯಲ್ಲಿರುವ ಹೊಸ ಸ್ಮಶಾನದಲ್ಲಿ ಹಳೆಯ ಕಲ್ಲುಗಳೂ ಇವೆ.

ಗುರುತು ಹಿಡಿಯುವುದಕ್ಕೆ ಒಂದು ದಾರಿ ಉಂಟು. ಥೆಸಲೊನೀಕಿಯವರೇ ಆದ ಐಸಾಕ್ ಇಮ್ಯಾನುಯೆಲ್ ಎಂಬ ರಬ್ಬಿ, ವಿದ್ವಾಂಸರು, ಸ್ಮಶಾನ ಇದ್ದಾಗಲೇ ಅದರ ಬರಹಗಳನ್ನು ನಕಲು ಮಾಡತೊಡಗಿದ್ದರು. ರಬ್ಬಿ ಮೈಕೆಲ್ ಮೋಲ್ಖೊ ಕೆಡವುವ ದಿನಗಳಲ್ಲೂ ಆದಷ್ಟನ್ನು ಬರೆದುಕೊಂಡರು. ಇಮ್ಯಾನುಯೆಲ್ ಸಂಗ್ರಹ 1960ರ ದಶಕದಲ್ಲಿ ಎರಡು ಸಂಪುಟಗಳಾಗಿ ಅಚ್ಚಾಯಿತು. ಸಾವಿರಕ್ಕೂ ಹೆಚ್ಚು ಶಾಸನಗಳು ಅದರಲ್ಲಿವೆ. ಒಟ್ಟು ಸಮಾಧಿಗಳ ಮುಂದೆ ಇದು ಅತಿ ಸಣ್ಣ ಪಾಲು, ಆದರೂ ಹದಿನಾರು ಹದಿನೇಳನೇ ಶತಮಾನದ ರಬ್ಬಿಗಳು, ವೈದ್ಯರು, ಕವಿಗಳು, ಹೆಣ್ಣುಮಕ್ಕಳು ಎಷ್ಟೋ ಜನ ಅಲ್ಲಿ ಸಿಗುತ್ತಾರೆ. ತುಂಡಿನ ಮೇಲೆ ಒಂದೂವರೆ ಸಾಲು ಉಳಿದಿದ್ದರೂ ಆ ಪ್ರತಿಯೊಂದಿಗೆ ಹೊಂದಿಸಿ ನೋಡಬಹುದು. ವರ್ಷವನ್ನು ಹೀಬ್ರೂ ಅಕ್ಷರಗಳಲ್ಲೇ, ಜಗತ್ತಿನ ಸೃಷ್ಟಿಯಿಂದ ಎಣಿಸಿ ಕೆತ್ತಿರುತ್ತಾರೆ. ನಮ್ಮ 1492 ಅವರಿಗೆ 5252. ವರ್ಷ ಸಿಕ್ಕರೆ ಅರ್ಧ ಕೆಲಸ ಆದಂತೆ. ನವಾರೊ, ಸೆವಿಲ್ಯಾ, ಸರಗೂಸಿ ಎಂಬಂಥ ಮನೆತನದ ಹೆಸರು ಸಿಕ್ಕರೆ ಆ ಕುಟುಂಬ ಸ್ಪೇನಿನ ಯಾವ ಕಡೆಯಿಂದ ಬಂದಿರಬಹುದೆಂಬ ಸುಳಿವೂ ಸಿಗುತ್ತದೆ. ಹೀಬ್ರೂ ಓದಬಲ್ಲವರು, ಕಲ್ಲು ಓದಿ ಅಭ್ಯಾಸವಿರುವವರು ಇನ್ನೂ ಹೆಚ್ಚು ಬೇಕಾಗಿರುವ ಕೆಲಸ ಇದು. ನಿನಗೆ ಶಾಸನದಲ್ಲಿ ಆಸಕ್ತಿಯಿದ್ದರೆ ಹೀಬ್ರೂ ಲಿಪಿ ಕಲಿ. ಅಕ್ಷರ 22 ಅಷ್ಟೇ.